ಕೆಂಪು ಬಾವಲಿ ಬರುವ ಮೂಲೆ

ನನ್ನ ಮಗಳ ಮೊಬೈಲಿನಲ್ಲಿ ಒಂದು ಆಟ ಇದೆ. ಅದರಲ್ಲಿ ಸಾಯುವುದೇ ಕಷ್ಟ. ಸತ್ತರೂ ಒಂದು ಜಾಹೀರಾತು ನೋಡಿದರೆ ಸಾಕು, ಬಿದ್ದಲ್ಲಿಂದಲೇ ಎಬ್ಬಿಸಿ ನಿಲ್ಲಿಸುತ್ತದೆ. ಹಿಂದಿನಿಂದ ಶತ್ರು ಬಂದರೆ ಪರದೆಯ ಅಂಚು ಕೆಂಪಾಗುತ್ತದೆ, ಎಡದಿಂದ ಬಂದರೆ ಎಡಕ್ಕೆ ಬಾಣ ತೋರಿಸುತ್ತದೆ, ದಾರಿ ತಪ್ಪಿದರೆ ನೆಲದ ಮೇಲೆ ಹೊಳೆಯುವ ಗೆರೆ ಎಳೆದು ಹೀಗೆ ಹೋಗು ಎನ್ನುತ್ತದೆ. ಒಂದು ದಿನ ಆಡದಿದ್ದರೆ ನಿಮ್ಮ ಉಡುಗೊರೆ ಕಾಯುತ್ತಿದೆ ಎಂದು ಸಂದೇಶ ಬರುತ್ತದೆ. ಇಷ್ಟು ಉಪಚಾರ ನನಗೆ ಹೆಂಡತಿಯ ತವರಿನಲ್ಲೂ ಸಿಕ್ಕಿಲ್ಲ. "ಇದರಲ್ಲಿ ಹೆದರಿಕೆ ಎಲ್ಲಿ ಉಂಟು?" ಎಂದು ಕೇಳಿದರೆ ಮಗಳು ತಲೆ ಎತ್ತದೆ, "ಹೆದರ್ಲಿಕ್ಕೆ ಯಾರು ಆಡ್ತಾರೆ ಪಪ್ಪ?" ಎನ್ನುತ್ತಾಳೆ.

ನಾವು ಆಡುತ್ತಿದ್ದದ್ದು ಹೆದರಲಿಕ್ಕೇ. ನಾವು ಎಂದರೆ ನಾನು ಮತ್ತು ನನ್ನ ತಂಗಿ. ಕೊಡಿಯಾಲ್‌ಬೈಲಿನ ಒಂದು ಕಚೇರಿಯವರು ಹೊಸ ಕಂಪ್ಯೂಟರ್ ತರಿಸಿ ಹಳೆಯದನ್ನು ಮಾರಿದಾಗ, ಅಪ್ಪ ಅದನ್ನು ರಿಕ್ಷಾದಲ್ಲಿ ಹೇರಿಕೊಂಡು ದೇರೆಬೈಲಿನ ಮನೆಗೆ ತಂದಿದ್ದರು. ನನ್ನ ಓದಿಗೆ ಎಂದು ತಂದದ್ದು. ಕಚೇರಿಯವರು ಅದರೊಳಗಿದ್ದ ಒಂದು ಆಟವನ್ನು ಅಳಿಸಲು ಮರೆತಿದ್ದರು. ಅದರ ಹೆಸರು ಯಾವುದೋ ದೇಶದ ಲಿಪಿಯಲ್ಲಿತ್ತು, ನಮಗೆ ಓದಲು ಬರುತ್ತಿರಲಿಲ್ಲ. ಬಾವಲಿ ಆಟ ಎಂದು ನಾವೇ ಹೆಸರಿಟ್ಟೆವು.

ಕಪ್ಪು ಆಕಾಶ. ಕೆಳಗೆ ಕೋಟೆಯ ಗೋಡೆ. ಗೋಡೆಯ ನಡುವೆ ದೀಪ ಹಿಡಿದು ನಿಂತ ಹೆಬ್ಬೆರಳಿನಷ್ಟು ದೊಡ್ಡ ಮನುಷ್ಯ. ಆಕಾಶದ ಅಂಚಿನಿಂದ ಬಾವಲಿಗಳು ಇಳಿಯುತ್ತವೆ. ಅವು ಇನ್ನೂ ಮೇಲಿರುವಾಗಲೇ ಕಂಡುಹಿಡಿದು, ಬರುವ ದಿಕ್ಕಿಗೆ ದೀಪ ತಿರುಗಿಸಿ ಎತ್ತಬೇಕು. ತಡವಾದರೆ ದೀಪ ಆರುತ್ತದೆ. ಮೂರು ಸಲ ಆರಿದರೆ ಆಟ ಮುಗಿಯಿತು, ಮತ್ತೆ ಮೊದಲಿನಿಂದ ಶುರು. ಇಷ್ಟೇ ಆಟ. ಬೂದು ಬಾವಲಿಗಳಿಗೆ ಒಂದು ಕ್ರಮ ಇತ್ತು. ಎಡ, ಎಡ, ಬಲ, ನೆತ್ತಿ, ಬಲ ಎಂದು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಆದರೆ ನಡುವೆ ಒಂದು ಕೆಂಪು ಬಾವಲಿ ಬರುತ್ತಿತ್ತು, ಅದಕ್ಕೆ ಕ್ರಮವೇ ಇಲ್ಲ. ಯಾವಾಗ, ಯಾವ ಮೂಲೆಯಿಂದ ಎಂದು ದೇವರಿಗೇ ಗೊತ್ತು. ಬಾಯಿಪಾಠ ಹೇಳುತ್ತಾ ಕುಳಿತವನ ಹೊಟ್ಟೆಯೊಳಗೆ ಕೆಂಪು ಬಾವಲಿಯ ಹೆದರಿಕೆ ಕುಳಿತಿರುತ್ತಿತ್ತು. ಕೀಬೋರ್ಡಿನ ಮೇಲೆ ಬೆವರು ಇಳಿಯುತ್ತಿತ್ತು.

ತಂಗಿ ನನಗಿಂತ ಚುರುಕು. ಬಾವಲಿ ಕಂಡದ್ದೇ ತಡ, ಅವಳ ಬೆರಳು ಗುಂಡಿಯ ಮೇಲೆ. ನಾನು ನೋಡಿ, ಯೋಚಿಸಿ, ಒತ್ತುತ್ತಿದ್ದೆ. ಅವಳಿಗೆ ನೋಡುವುದೂ ಒತ್ತುವುದೂ ಒಂದೇ ಕೆಲಸ. "ನೀನು ಬಾವಲಿಗೆ ಅರ್ಜಿ ಕೊಟ್ಟು ಕಾಯ್ತಾ ಇದ್ದೀಯಾ ಅಣ್ಣ?" ಎಂದು ತಮಾಷೆ ಮಾಡುತ್ತಿದ್ದಳು. ಹಳೆಯ ಆಟ ಯಾಕೆ ಚಂದ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ. ಆಕಾಶ ಅಲ್ಲಾಡುವುದಿಲ್ಲ. ಇರುವುದೆಲ್ಲ ನಿಮ್ಮ ಕಣ್ಣೆದುರಿಗೇ ಇದೆ. ಯಾರೂ ಎಚ್ಚರಿಸುವುದಿಲ್ಲ, ಯಾರೂ ಸಮಾಧಾನ ಮಾಡುವುದಿಲ್ಲ. ಕಾಣದಿದ್ದರೆ ಸತ್ತಿರಿ. ಈಗಿನ ಆಟ ಆಡುವವನನ್ನು ಬಿಟ್ಟುಹೋಗದಂತೆ ಮುದ್ದು ಮಾಡುತ್ತದೆ, ಆದ್ದರಿಂದ ಅವನ ಬಗ್ಗೆ ಅವನಿಗೇ ಏನೂ ತಿಳಿಯುವುದಿಲ್ಲ.

ಹೆದರಿಕೆ ಹೆದರಿಕೆ ಎನ್ನುತ್ತಿದ್ದೇನೆ. ಆಟದ ಹೆದರಿಕೆ ಖುಷಿಯ ಹೆದರಿಕೆ. ನಮ್ಮ ಮನೆಯಲ್ಲಿ ಇನ್ನೊಂದು ಇತ್ತು, ಅದರಲ್ಲಿ ಖುಷಿ ಇರಲಿಲ್ಲ. ಅದು ಅಪ್ಪನ ಕಣ್ಣು.

ಅಪ್ಪನಿಗೆ ದೇರೆಬೈಲಿನಲ್ಲಿ ಸಣ್ಣ ಜಿನಸಿನ ಅಂಗಡಿ ಇತ್ತು. ಪೇಪರ್ ಓದುತ್ತಿದ್ದರು, ತಕ್ಕಡಿಯ ಮುಳ್ಳು ನೋಡುತ್ತಿದ್ದರು, ದೂರದ ಬಸ್ಸಿನ ಬೋರ್ಡು ಓದುತ್ತಿದ್ದರು. ಆದರೆ ಬದಿಯಲ್ಲಿ ನಿಂತ ಗಿರಾಕಿ ಕೆಮ್ಮುವವರೆಗೆ ಅವರಿಗೆ ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಕುಳಿತರೆ ಪಕ್ಕದ ಲೋಟ ಉರುಳುತ್ತಿತ್ತು. "ಗಮನ ಎಲ್ಲಿ ಉಂಟು ನಿಮಗೆ?" ಎಂದು ಅಮ್ಮ ಗದರುತ್ತಿದ್ದರು. ಅಪ್ಪನೂ ನನಗೆ ಗಮನ ಇಲ್ಲ ಎಂದೇ ನಂಬಿದ್ದರು. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಒಲೆ ಊದುವ ಕೊಳವೆಯಲ್ಲಿ ನೋಡಿದ ಹಾಗೆ ನಡುವಿನ ಒಂದಿಷ್ಟು ಮಾತ್ರ ಉಳಿದಿತ್ತು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ, ನೋವಿಲ್ಲ, ಸೂಚನೆ ಇಲ್ಲ ಎಂದರು. ಆ ಉಳಿದದ್ದೂ ನಿಧಾನವಾಗಿ ಮುಚ್ಚಿಹೋಯಿತು. ಕೊನೆಯ ವರ್ಷಗಳಲ್ಲಿ ಅವರು ಗೋಡೆ ಸವರಿಕೊಂಡು ಕೋಣೆಯಿಂದ ಜಗಲಿಗೆ ಬರುವ ಸದ್ದು ಕೇಳಿದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಅವರು ಗೋಡೆ ಸವರುವುದನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು.

ಈ ಕಾಯಿಲೆ ಮಕ್ಕಳಿಗೂ ಬರಬಹುದು ಎಂದು ಗೊತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಅಕ್ಷರದ ಬೋರ್ಡನ್ನು ಕೊನೆಯ ಸಾಲಿನವರೆಗೆ ಓದಿದ್ದೆ, ಕಣ್ಣು ಚೆನ್ನಾಗಿದೆ ಎಂದಿದ್ದರು, ಅಷ್ಟಕ್ಕೆ ಸಮಾಧಾನ ಮಾಡಿಕೊಂಡಿದ್ದೆ. ಅಪ್ಪನೂ ಅಕ್ಷರ ಓದುತ್ತಿದ್ದರು ಎಂಬುದು ಆಗ ನೆನಪಾಗಲಿಲ್ಲ.

ನಾನು ಕಂಪ್ಯೂಟರ್ ರಿಪೇರಿಯವನು. ಪೇಟೆಯ ಅಂಗಡಿಗಳ ಬಿಲ್ಲಿಂಗ್ ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಇಲ್ಲಿಯ ಉಪ್ಪುಗಾಳಿಗೆ ಯಾವ ಯಂತ್ರವೂ ಬಾಳುವುದಿಲ್ಲ. ಆದರೂ ಬಾವಲಿ ಆಟದ ಕಂಪ್ಯೂಟರನ್ನು ನಾನು ಬದುಕಿಸಿಕೊಂಡು ಬಂದಿದ್ದೇನೆ. ಮಳೆಗಾಲದಲ್ಲಿ ರೇಷ್ಮೆಯ ಪಟ್ಟೆಸೀರೆಗೆ ಬೂಷ್ಟು ಹಿಡಿಯದಿರಲಿ ಎಂದು ಕಪಾಟಿನೊಳಗೆ ಬಲ್ಬು ಉರಿಸಿಡುವುದು ನಮ್ಮ ಕಡೆಯ ಕ್ರಮವಲ್ಲವೇ, ಆ ಕಪಾಟಿನ ಅರ್ಧ ಜಾಗ ಕಂಪ್ಯೂಟರಿನದು. ಹೆಂಡತಿಯ ಸೀರೆಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. "ಸೀರೆಗೆ ಬಲ್ಬಾ, ಡಬ್ಬಕ್ಕೆ ಬಲ್ಬಾ?" ಎಂದು ಅವಳು ಪ್ರತಿ ಮಳೆಗಾಲ ಕೇಳುತ್ತಾಳೆ. ಬಿಸಿಯಾಗುವ ಆ ಹಳೆಯ ಬಲ್ಬು ಈಗ ಅಂಗಡಿಯಲ್ಲಿ ಸುಲಭದಲ್ಲಿ ಸಿಗುವುದೂ ಇಲ್ಲ.

ಹೋದ ಮಳೆಗಾಲ ಮುಗಿಯುವಾಗ ಊರಿಡೀ ಕೆಂಗಣ್ಣು. ನನ್ನ ಬಲಗಣ್ಣಿಗೂ ಬಂತು. ಕೆಂಗಣ್ಣಿನವನನ್ನು ಯಾವ ಅಂಗಡಿಯವರು ಒಳಗೆ ಬಿಡುತ್ತಾರೆ? ಮನೆಯಲ್ಲೇ ಕುಳಿತೆ. ಮಧ್ಯಾಹ್ನ ಊಟವಾದ ಮೇಲೆ ಹೊತ್ತು ಹೋಗದೆ ಕಂಪ್ಯೂಟರನ್ನು ಕಪಾಟಿನಿಂದ ಇಳಿಸಿದೆ. ಬಲಗಣ್ಣಿಗೆ ಮಡಿಚಿದ ಕರ್ಚೀಫು ಕಟ್ಟಿ, ಎಡಗಣ್ಣಿನಲ್ಲಿ ಆಡಲು ಕುಳಿತೆ. "ಎಂತ ಮಾರಾಯ್ರೆ, ಮಲಗಿ ಅಂದ್ರೆ ಆಟ ಆಡ್ತೀರಾ?" ಎಂದು ಹೆಂಡತಿ ಒಂದು ಸಲ ಹೇಳಿ ಒಳಗೆ ಹೋದಳು.

ಬೂದು ಬಾವಲಿಗಳೆಲ್ಲ ಸಲೀಸು. ಅಷ್ಟು ವರ್ಷದ ಬಾಯಿಪಾಠ ಕೈಯಲ್ಲೇ ಇತ್ತು. ಕೆಂಪು ಬಾವಲಿ ಎಡದಿಂದ ಬಂತು, ಓಡಿಸಿದೆ. ಆಮೇಲೆ ಇದ್ದಕ್ಕಿದ್ದ ಹಾಗೆ ದೀಪ ಆರಿತು. ಬಾವಲಿ ಎಲ್ಲಿಂದ ಬಂತೆಂದೇ ಗೊತ್ತಾಗಲಿಲ್ಲ, ಬಲಬದಿಯಲ್ಲಿ ದೀಪದ ಹತ್ತಿರ ಬಂದ ಮೇಲೆ ಕಂಡಿತು. ಪುನಃ ಆಡಿದೆ. ಪುನಃ ಹಾಗೆಯೇ. ಸಿಟ್ಟು ಬಂತು. ನನ್ನ ಕಸುಬಿನವನಿಗೆ ಬರುವ ಬುದ್ಧಿಯೇ ನನಗೂ ಬಂತು, ತಪ್ಪು ಯಂತ್ರದ್ದು ಎಂದುಕೊಂಡೆ. ಕೀಬೋರ್ಡು ಬಿಚ್ಚಿ ಒರೆಸಿದೆ. ಸರಿಯಾಗಲಿಲ್ಲ. ಹಳೆಯ ಮಾನಿಟರು, ಮೇಲಿನ ಬಲಮೂಲೆ ಮಂಕಾಗಿರಬೇಕು ಎಂದು ಪರದೆಯನ್ನು ಪೂರ್ತಿ ಬಿಳಿ ಮಾಡಿ ಪರೀಕ್ಷಿಸಿದೆ. ಮೂಲೆ ಬೆಳ್ಳಗೆ ಇತ್ತು. ಸಾಲದು ಎಂದು ಬೇರೆ ಮಾನಿಟರು ತಂದು ಜೋಡಿಸಿದೆ. ಕೆಂಪು ಬಾವಲಿ ಬಲಮೂಲೆಯಿಂದ ಬಂದಾಗಲೆಲ್ಲ ನಾನು ಸಾಯುತ್ತಲೇ ಇದ್ದೆ.

ಕರ್ಚೀಫು ಬೆವರಿಗೆ ಸಡಿಲವಾಗಿ ಜಾರಿತು. ಉರಿಯುವ ಬಲಗಣ್ಣು ಅರೆತೆರೆಯಿತು. ಅದೇ ಹೊತ್ತಿಗೆ ಬಲಮೂಲೆಯಲ್ಲಿ ಕೆಂಪು ಬಾವಲಿ ರೆಕ್ಕೆ ಬಡಿಯುತ್ತಾ ಇಳಿಯುತ್ತಿತ್ತು, ಎಷ್ಟು ಸ್ಪಷ್ಟವಾಗಿ ಎಂದರೆ ಮಗುವಿಗೂ ಕಾಣುವಷ್ಟು. ನಾನು ದೀಪದ ಮನುಷ್ಯನ ಮೇಲಿಂದ ದೃಷ್ಟಿ ಕದಲಿಸದೆ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿದೆ. ಬಾವಲಿ ಇಲ್ಲ. ಅಂಗೈ ತೆಗೆದೆ. ಇದೆ. ಮುಚ್ಚಿದೆ. ಇಲ್ಲ. ಆ ಜಾಗದಲ್ಲಿ ತೂತು ಬಿದ್ದಿರಲಿಲ್ಲ, ಮಂಜು ಕವಿದಿರಲಿಲ್ಲ. ಆಕಾಶ ಇದ್ದಲ್ಲೇ ಪೂರ್ತಿಯಾಗಿ ಇತ್ತು. ಬಾವಲಿ ಮಾತ್ರ ಇರಲಿಲ್ಲ.

ಕಾಣುವುದಿಲ್ಲ ಎಂದರೆ ಕತ್ತಲೆ ಎಂದುಕೊಂಡಿದ್ದೆ. ಕಾಣದಿರುವುದೇ ಗೊತ್ತಾಗದಂತೆ ಕಣ್ಣು ಸುಳ್ಳು ಹೇಳುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮಗಳ ಮೊಬೈಲಿನ ಆಟವನ್ನು ನಾನು ಎಷ್ಟೋ ಸಲ ಇದೇ ಕಣ್ಣಿನಲ್ಲಿ ಆಡಿದ್ದೆ. ಅದು ನನ್ನ ಸುತ್ತ ತಾನೇ ತಿರುಗಿ, ಬಾಣ ತೋರಿಸಿ, ಬಿದ್ದರೆ ಎಬ್ಬಿಸಿ, ನನ್ನ ಕುರುಡನ್ನು ನನ್ನಿಂದಲೇ ಬಚ್ಚಿಟ್ಟಿತ್ತು. ಹಳೆಯ ಆಟಕ್ಕೆ ಅಷ್ಟು ಮರ್ಯಾದೆ ಗೊತ್ತಿರಲಿಲ್ಲ.

ಡಾಕ್ಟರ ಹತ್ತಿರ ಹೋಗಲು ಕೆಂಗಣ್ಣು ವಾಸಿಯಾಗುವವರೆಗೆ ಕಾಯಬೇಕಿತ್ತು. ಹೆಂಡತಿಗೆ ಹೇಳಲಿಲ್ಲ. ಕೂತಲ್ಲಿ ನಿಂತಲ್ಲಿ ಬಲಗಣ್ಣು ಮುಚ್ಚಿ ನೋಡುತ್ತಿದ್ದೆ. ಕ್ಯಾಲೆಂಡರಿನ ನಡುವಿನ ತಾರೀಕು ದಿಟ್ಟಿಸಿದರೆ ಬಲಬದಿಯ ಮೇಲಿನ ತಾರೀಕುಗಳು ಇಲ್ಲ. ಮಗಳು ಬಾಗಿಲಲ್ಲಿ ನಿಂತು ಮಾತಾಡುವಾಗ ಅವಳ ಗಲ್ಲ ನೋಡಿದರೆ ಹಣೆಯ ಒಂದು ಬದಿ ಇಲ್ಲ. ಆಮೇಲೆ ಹಾಗೆ ಕಣ್ಣು ಮುಚ್ಚಿ ನೋಡುವುದನ್ನೇ ಬಿಟ್ಟೆ. ಸ್ಕೂಟರ್ ಹತ್ತಲು ಧೈರ್ಯ ಬರಲಿಲ್ಲ. ಎರಡೂ ಕಣ್ಣು ತೆರೆದರೆ ಎಲ್ಲವೂ ಕಾಣುತ್ತದೆ ನಿಜ, ಆದರೆ ಬಲಗಣ್ಣಿನಲ್ಲೂ ಶುರುವಾಗಿದ್ದರೆ? ಒಂದು ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ನನ್ನ ಕೈ ತಾನಾಗಿ ಗೋಡೆ ಸವರುತ್ತಿತ್ತು. ಗೊತ್ತಾದ ತಕ್ಷಣ ಕೈಯನ್ನು ಕಿಸೆಗೆ ಹಾಕಿಕೊಂಡೆ.

ಕೆಂಗಣ್ಣು ವಾಸಿಯಾದ ಮೇಲೆ ಕೊನೆಗೆ ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ. ಅಂದೇ ಕೊಡಿಯಾಲ್‌ಬೈಲಿನ ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು.

ಅಲ್ಲಿ ಪರದೆ ಎಳೆದ ಒಂದು ಕತ್ತಲೆ ಕೋಣೆ. ಒಳಗೆ ಬೋಗುಣಿಯಂಥ ಯಂತ್ರ. ಗಲ್ಲ ಇಟ್ಟು, ಒಂದು ಕಣ್ಣು ಮುಚ್ಚಿ, ಬೋಗುಣಿಯ ನಡುವಿನ ಹಳದಿ ಬೆಳಕನ್ನೇ ನೋಡಬೇಕು. ಸುತ್ತ ಎಲ್ಲಿಯಾದರೂ ಬಿಳಿ ಚುಕ್ಕಿ ಮಿಣುಕಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಯಂತ್ರ ನೋಡಿಕೊಳ್ಳುವ ಹುಡುಗಿ ಇದನ್ನು ಹೇಳುತ್ತಿದ್ದ ಹಾಗೆ ನನ್ನ ಹೆಬ್ಬೆರಳು ಗುಂಡಿಯ ಮೇಲೆ ಸಿದ್ಧವಾಯಿತು. ಇದೂ ಒಂದು ಹಳೆಯ ಆಟವೇ.

ಆ ಬುದ್ಧಿಯೇ ನನ್ನನ್ನು ಹಾಳು ಮಾಡಿತು. ಯಂತ್ರ ಪ್ರತಿ ಚುಕ್ಕಿಗೆ ಮೊದಲು ಸರ್ರ್ ಎಂದು ಸಣ್ಣ ಸದ್ದು ಮಾಡುತ್ತಿತ್ತು. ಸದ್ದಿಗೊಂದು ಲಯ ಇತ್ತು. ಸ್ವಲ್ಪ ಹೊತ್ತಿನಲ್ಲೇ ಲಯ ಬೆರಳಿಗೆ ಹತ್ತಿತು. ಸರ್ರ್, ಒತ್ತು. ಸರ್ರ್, ಒತ್ತು. ಚುಕ್ಕಿ ಕಂಡಿತೋ ಇಲ್ಲವೋ, ಬೆರಳು ಬಿಡಲಿಲ್ಲ. ಸೋಲಬಾರದು ಎಂಬುದೊಂದೇ ತಲೆಯಲ್ಲಿ. ಮುಗಿದಾಗ ಗೆದ್ದೆ ಎಂದೇ ಅನಿಸಿತು.

"ಅಂಕಲ್, ನೀವು ಕಾಣದೆ ಒತ್ತುತ್ತಾ ಇದ್ದೀರಿ," ಎಂದಳು ಹುಡುಗಿ. "ಮೆಷಿನ್‌ಗೆ ಗೊತ್ತಾಗ್ತದೆ. ಈ ರಿಪೋರ್ಟ್ ಉಪಯೋಗಕ್ಕೆ ಇಲ್ಲ."

"ನಡುವೆ ತುಂಬಾ ಹೊತ್ತು ಚುಕ್ಕಿಯೇ ಬರ್ಲಿಲ್ಲ. ಮೆಷಿನ್ ನಿಂತಿತ್ತೋ ಎಂತದೋ ಅಂತ ಒತ್ತಿದೆ," ಎಂದು ಸಬೂಬು ಹೇಳಿದೆ.

"ಮೆಷಿನ್ ನಡುವೆ ನಿಲ್ಲುವುದೇ ಇಲ್ಲ ಅಂಕಲ್. ಚುಕ್ಕಿ ಬರ್ತಾನೇ ಇರ್ತದೆ. ಕೆಲವು ಯಾರಿಗೂ ಕಾಣದಷ್ಟು ಮಂದ ಇರ್ತದೆ, ಅದಕ್ಕೆ ಹೆದರ್ಬೇಡಿ. ಆದ್ರೆ ತುಂಬಾ ಹೊತ್ತು ಏನೂ ಕಾಣ್ಲಿಲ್ಲ ಅಂದ್ರೆ..." ಎಂದು ಅವಳು ಅಲ್ಲಿಗೇ ನಿಲ್ಲಿಸಿದಳು. "ಸ್ವಲ್ಪ ಹೊರಗೆ ಕೂತು ಬನ್ನಿ. ಇನ್ನೊಮ್ಮೆ ಮಾಡುವ. ಕಂಡ್ರೆ ಮಾತ್ರ ಒತ್ತಿ."

ಎರಡನೆಯ ಸಲ ಕುಳಿತದ್ದು ನನ್ನ ಬದುಕಿನ ಅತ್ಯಂತ ಹೆದರಿಕೆಯ ಆಟ. ಸರ್ರ್. ಕಾಯುತ್ತೇನೆ. ಚುಕ್ಕಿ ಇಲ್ಲ. ಅಂದರೆ ಚುಕ್ಕಿ ಇದೆ, ನನಗಿಲ್ಲ. ಸರ್ರ್. ಇಲ್ಲ. ಹೆಬ್ಬೆರಳು ಒತ್ತು ಒತ್ತು ಎನ್ನುತ್ತಿತ್ತು, ನಾನು ಅದನ್ನು ಹಿಡಿದಿಟ್ಟುಕೊಂಡಿದ್ದೆ. ಒತ್ತದೆ ಸುಮ್ಮನಿದ್ದ ಪ್ರತಿ ಸಲವೂ ನನ್ನ ಕುರುಡಿಗೆ ನಾನೇ ಸಹಿ ಹಾಕುತ್ತಿದ್ದೆ. ಮುಗಿಯುವಾಗ ಅಂಗಿ ಬೆನ್ನಿಗೆ ಅಂಟಿತ್ತು.

ಡಾಕ್ಟರು ವರದಿ ತೋರಿಸಿದರು. ಎಡಗಣ್ಣಿನ ಚಿತ್ರದಲ್ಲಿ ಮೇಲಿನ ಬಲಭಾಗ ಕಪ್ಪಾಗಿತ್ತು. ಬಲಗಣ್ಣಿನಲ್ಲಿ ಅಂಚಿಗೆ ಒಂದಿಷ್ಟು ಬೂದು. "ಹೋದದ್ದು ಬರುವುದಿಲ್ಲ," ಎಂದರು. "ಉಳಿದದ್ದನ್ನು ಉಳಿಸುವ. ಒಂದು ದಿನವೂ ತಪ್ಪದೆ ಡ್ರಾಪ್ಸ್ ಹಾಕಬೇಕು. ಬೇಗ ಬಂದಿದ್ದೀರಿ, ನಿಮಗೆ ಹೇಗೆ ಗೊತ್ತಾಯಿತು?" ಆಟ ಆಡುವಾಗ ಎಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದು ಕೇಳಿದರು, ಅಪ್ಪನ ವಿಷಯ ಹೇಳಿದೆ. "ಒಡಹುಟ್ಟಿದವರು?"

"ಒಬ್ಬಳು ತಂಗಿ."

"ಅವರನ್ನು ಬೇಗ ಕರೆದುಕೊಂಡು ಬನ್ನಿ."

ನನ್ನ ವರದಿ ನೋಡಿದಾಗಲೂ ಅಷ್ಟು ಹೆದರಿರಲಿಲ್ಲ. ತಂಗಿ ಕಾಟಿಪಳ್ಳದಲ್ಲಿದ್ದಾಳೆ. ಭಾವ ಗಲ್ಫಿನಲ್ಲಿ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಮಕ್ಕಳನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುತ್ತಾಳೆ. ಟ್ಯಾಂಕರುಗಳು ಓಡಾಡುವ ರಸ್ತೆ ಅದು. ಕ್ಲಿನಿಕ್ಕಿನ ಮೆಟ್ಟಿಲಲ್ಲೇ ನಿಂತು ಫೋನು ಮಾಡಿದೆ.

"ನನ್ನ ಕಣ್ಣಿಗೆ ಎಂತ ಆಗಿದೆ? ಸೂಜಿಗೆ ನೂಲು ಹಾಕ್ಲಿಕ್ಕೆ ನನಗೆ ಈಗಲೂ ಕನ್ನಡಕ ಬೇಡ," ಎಂದಳು.

"ಅಪ್ಪನಿಗೂ ತಕ್ಕಡಿಯ ಮುಳ್ಳು ಕಾಣ್ತಿತ್ತು," ಎಂದೆ.

"ನೀನು ಹೆದರಿಸ್ಬೇಡ ಅಣ್ಣ. ದೀಪಾವಳಿಯ ಹೊಲಿಗೆ ರಾಶಿ ಉಂಟು. ಮುಗಿಸಿ ಬರ್ತೇನೆ."

"ಹೊಲಿಗೆ ಬಿಟ್ಟು ನಾಳೆ ಬಾ. ಸ್ಕೂಟರ್ ತರ್ಬೇಡ, ಬಸ್ಸಿನಲ್ಲಿ ಬಾ." ನನ್ನ ಸ್ವರ ಜೋರಾಗಿತ್ತು, ಮೆಟ್ಟಿಲು ಹತ್ತುತ್ತಿದ್ದವರು ತಿರುಗಿ ನೋಡಿದರು.

ಮರುದಿನ ಬಂದಳು. ಬಸ್ಸಿನಿಂದ ಇಳಿದವಳೇ ನನ್ನ ಮುಖ ನೋಡಿ ನಕ್ಕಳು. ನಡೆಯುವಾಗ ಅವಳು ಫುಟ್‌ಪಾತಿನ ಬದಿಯಲ್ಲಿ ನಿಲ್ಲಿಸಿದ್ದ ಬೈಕಿನ ಹ್ಯಾಂಡಲಿಗೆ ತಾಗಿ, "ಎಲ್ಲೆಲ್ಲಿ ನಿಲ್ಲಿಸ್ತಾರೆ ನೋಡು," ಎಂದು ಬೈದಳು. ಅವಳ ಆ ಬದಿಗೆ ಬಂದು ನಡೆದೆ.

ಸರದಿ ಕಾಯುವಾಗ ನಾನು ಆಟವನ್ನು ವಿವರಿಸಿದೆ. ಚುಕ್ಕಿ ಕಂಡರೆ ಒತ್ತಬೇಕು, ಕಾಣದಿದ್ದರೆ ಒತ್ತಬಾರದು. "ಸದ್ದು ಕೇಳಿ ಒತ್ಬೇಡ. ನಾನು ಹಾಗೆ ಮಾಡಿ ಬೈಸಿಕೊಂಡೆ."

"ನಿನ್ನ ಹಾಗೆ ಕಳ್ಳಾಟ ಆಡುವವಳಲ್ಲ ನಾನು," ಎಂದಳು. "ಯಾವತ್ತಾದ್ರೂ ನನ್ನ ಹತ್ತಿರ ಗೆದ್ದಿದ್ದೀಯಾ ನೀನು?"

ಗೆದ್ದಿರಲಿಲ್ಲ. ಅವಳು ಒಳಗೆ ಹೋದಳು. ಹುಡುಗಿ ಪರದೆ ಎಳೆದಳು. ನಾನು ಪರದೆಯ ಈಚೆ ಕುರ್ಚಿಯಲ್ಲಿ ಕುಳಿತೆ. ಒಳಗಿನ ಎರಡೂ ಸದ್ದು ನನಗೆ ಕೇಳುತ್ತಿತ್ತು, ಯಂತ್ರದ ಸರ್ರ್, ಅವಳ ಗುಂಡಿಯ ಟಕ್.

ಸರ್ರ್, ಟಕ್. ಸರ್ರ್, ಟಕ್. ಅದೇ ಬೆರಳು, ಅದೇ ಚುರುಕು. ನನ್ನ ಎದೆ ಸ್ವಲ್ಪ ಹಗುರಾಯಿತು. ಸರ್ರ್. ಟಕ್ ಇಲ್ಲ. ಮಂದ ಚುಕ್ಕಿ ಇರಬೇಕು, ಯಾರಿಗೂ ಕಾಣದ್ದು. ಸರ್ರ್. ಸರ್ರ್. ಟಕ್. ಮತ್ತೆ ಸರ್ರ್. ಸರ್ರ್. ಸರ್ರ್. ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದೆ. ಹುಡುಗಿ ಒಳಗಿನಿಂದ, "ನಡುವಿನ ಲೈಟನ್ನೇ ನೋಡಿ ಅಕ್ಕ," ಎಂದಳು. "ಅದನ್ನೇ ನೋಡ್ತಾ ಇದ್ದೇನೆ," ಎಂದಳು ತಂಗಿ. ಸರ್ರ್. ಸರ್ರ್. ಬೇರೆ ಯಾರಾದರೂ ಆಗಿದ್ದರೆ ತಡವಾಯಿತು, ಮರೆತರು, ಗಮನ ತಪ್ಪಿತು ಎಂದುಕೊಳ್ಳುತ್ತಿದ್ದೆ. ಅವಳ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವನು ನಾನು. ಕಂಡದ್ದಕ್ಕೆ ಅವಳ ಬೆರಳು ತಡ ಮಾಡಿದ್ದಿಲ್ಲ. ಸರ್ರ್. ಸರ್ರ್. ಸರ್ರ್. ಒಳಗೆ ನುಗ್ಗಿ ಅವಳ ಬೆರಳಿನ ಮೇಲೆ ನನ್ನ ಬೆರಳಿಟ್ಟು ಒತ್ತಿಬಿಡಬೇಕು ಎನಿಸಿತು. ಗೋಡೆಯ ಮೇಲೆ ನೇತುಹಾಕಿದ ಕಣ್ಣಿನ ದೊಡ್ಡ ಚಿತ್ರವನ್ನು ನೋಡುತ್ತಾ ಕುಳಿತೆ. ಇನ್ನೊಂದು ಕಣ್ಣಿಗೂ ಹಾಗೆಯೇ ಆಯಿತು.

ಪರದೆ ಸರಿಯಿತು. ತಂಗಿ ಕಣ್ಣು ಪಿಳಿಪಿಳಿ ಮಾಡುತ್ತಾ, ಸೆರಗು ಸರಿಮಾಡಿಕೊಳ್ಳುತ್ತಾ ಹೊರಗೆ ಬಂದಳು. ಮುಖದಲ್ಲಿ ಗೆದ್ದವರ ನಗು.

"ಇಷ್ಟಕ್ಕೆ ನನ್ನನ್ನು ಅಷ್ಟು ದೂರದಿಂದ ಓಡಿಸಿಕೊಂಡು ಬಂದ್ಯಾ?" ಎಂದಳು. "ಬಂದ ಚುಕ್ಕಿ ಒಂದನ್ನೂ ಬಿಡ್ಲಿಲ್ಲ ಅಣ್ಣ ನಾನು. ಒಳ್ಳೆ ಮೆಷಿನ್. ಕೈ ಸೋಲುವುದೇ ಇಲ್ಲ, ನಡುನಡುವೆ ಅದೇ ತುಂಬಾ ಹೊತ್ತು ರೆಸ್ಟ್ ಕೊಡ್ತದೆ."

ಅವಳ ಹಿಂದೆ ವರದಿ ಹಿಡಿದು ನಿಂತಿದ್ದ ಹುಡುಗಿ ನನ್ನ ಮುಖ ನೋಡಲಿಲ್ಲ. ಪಕ್ಕದ ಕುರ್ಚಿ ಖಾಲಿ ಇತ್ತು. ತಂಗಿಯನ್ನು ಅಲ್ಲಿ ಕೂರಿಸಿದೆ. ನಾನು ಅವಳ ಎದುರಿನ ಕುರ್ಚಿಗೆ, ಅವಳಿಗೆ ಸರಿಯಾಗಿ ಕಾಣುವಲ್ಲಿಗೆ, ಹೋಗಿ ಕುಳಿತೆ.